ಕವಡೆಯ ಕುಲವನ್ನು ಕಣ್ಣು ಹೇಳಬಲ್ಲುದೆ?

ಹಾವೇರಿ ಸೀಮೆಯಲ್ಲಿ ‘ಕ್ರಾಸ್’ ಎಂಬ ಮಾತು ಕನ್ನಡದ್ದೇ ಆಗಿ ಬಹುಕಾಲವಾಯಿತು. ರಾಣೆಬೆನ್ನೂರಿನ ಸುತ್ತಣ ಬೀಜದ ಪ್ಲಾಟುಗಳಲ್ಲಿ ಅದು ಒಂದು ಕೆಲಸದ ಹೆಸರು. ದನದ ಸಂತೆಯಲ್ಲಿ ಹಿಣಿಲಿಲ್ಲದ ಆಕಳಿನ ಹೆಸರು. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿಯಾದರೋ, ಬಣ್ಣವಿದ್ದರೆ ಸುಕ್ಕಿಲ್ಲ, ಸುಕ್ಕಿದ್ದರೆ ಬಣ್ಣವಿಲ್ಲ ಎಂಬಂಥ ರಾಶಿಯನ್ನು ಒಂದೇ ಉಸಿರಿಗೆ ತಳ್ಳಿಹಾಕುವ ತೀರ್ಪು. ಹೀಗೆ ಕೆಲಸದ ಹೆಸರಾಗಿ ಹುಟ್ಟಿದ ಮಾತು ನೋಟದ ಹೆಸರಾಗಿ ಬೆಳೆದು, ಹೊಲವನ್ನಾಗಲಿ ಕೊಟ್ಟಿಗೆಯನ್ನಾಗಲಿ ಕಾಣದ ವಸ್ತುಗಳಿಗೂ ಅಂಟಿಕೊಳ್ಳತೊಡಗಿದೆ. ನಮ್ಮ ಮನೆಯ ಚೌಕಾಬಾರದ ಕವಡೆಗಳಲ್ಲೊಂದನ್ನು ಬೆಳಕಿಗೆ ಹಿಡಿದು ನೋಡಿದ ಮಿತ್ರರೊಬ್ಬರು, ಚಿಪ್ಪುಗಳನ್ನು ಕೂಡಿಹಾಕುವ ಹವ್ಯಾಸವುಳ್ಳವರು, “ಇದು ಕ್ರಾಸ್ ಕವಡಿ ಐತ್ರಿ, ಜೋಪಾನ ಇಟ್ಕೋರಿ” ಎಂದರು. ಅವರ ಮಾತಿನಲ್ಲಿ ವಿನೋದವಿರಲಿಲ್ಲ. ಲೋಕದ ಕವಡೆ ಸಂಗ್ರಾಹಕರಲ್ಲಿ ಅನೇಕರು ಇದೇ ಮಾತನ್ನು, ಲ್ಯಾಟಿನ್ ಹೆಸರುಗಳೆರಡರ ನಡುವೆ ಗುಣಾಕಾರದ ಚಿಹ್ನೆಯನ್ನಿಟ್ಟು, ಗಂಭೀರವಾಗಿಯೇ ಬರೆಯುತ್ತಾರೆ. ಆ ಚಿಹ್ನೆ ಬಿದ್ದೊಡನೆ ಚಿಪ್ಪಿನ ಬೆಲೆ ಏರುತ್ತದೆ. ಎರಡು ಜಾತಿಗಳ ನಡುವಣ ರೂಪ ಕಂಡಲ್ಲಿ ಸಂಕರ ನಡೆದಿದೆ ಎಂದು ತಿಳಿಯುವ ಈ ನಂಬಿಕೆಯಲ್ಲಿ ಎರಡು ಬೇರೆ ಬೇರೆ ವಿಚಾರಗಳು ಕಲಸಿಹೋಗಿವೆಯೆಂದು ನನ್ನ ಅಭಿಪ್ರಾಯ. ಅವನ್ನು ಬಿಡಿಸಿ ನೋಡುವುದೇ ಈ ಲೇಖನದ ಉದ್ದೇಶ.

ಪ್ರತಿಪಕ್ಷವನ್ನು ದುರ್ಬಲಗೊಳಿಸಿ ಗೆಲ್ಲುವುದು ಗೆಲವಲ್ಲವಾದುದರಿಂದ, ಸಂಗ್ರಾಹಕರ ಮತವನ್ನು ಅದರ ಬಲಿಷ್ಠವಾದ ರೂಪದಲ್ಲಿಯೇ ಇಡುತ್ತೇನೆ. ಅವರ ವಾದಕ್ಕೆ ಮೂರು ಮೆಟ್ಟಿಲುಗಳುಂಟು.

1. ಹತ್ತಿರದ ಎರಡು ಜಾತಿಗಳು ಒಂದೇ ಹವಳದ ದಿಬ್ಬದಲ್ಲಿ ಒಟ್ಟಿಗೆ ಬಾಳುತ್ತಿರುವಾಗ, ಅವುಗಳ ನಡುವೆ ಎಂದಾದರೊಮ್ಮೆ ಸಂಗಮ ನಡೆಯುವುದು ಅಸಂಭವವಲ್ಲ.

2. ಅಂಥ ಸಂಗಮದ ಸಂತಾನವು ಉಭಯರ ಲಕ್ಷಣಗಳನ್ನೂ ಹೊತ್ತು ನಡುರೂಪವನ್ನು ತಾಳತಕ್ಕದ್ದು.

3. ಸಾವಿರಾರು ಚಿಪ್ಪುಗಳನ್ನು ಕೈಯಲ್ಲಿ ತಿರುವಿದವನ ಕಣ್ಣು ಜಾತಿಯೊಳಗಿನ ಸಾಧಾರಣ ವ್ಯತ್ಯಾಸಗಳಿಗೆ ಪಳಗಿರುವುದರಿಂದ, ಈ ನಡುರೂಪವನ್ನು ಬೇರ್ಪಡಿಸಿ ಗುರುತಿಸಬಲ್ಲುದು.

ಇವರು ಸುಮ್ಮನೆ ನೋಡಿ ಹೇಳುವವರೆಂದು ಭಾವಿಸುವುದೂ ಅನ್ಯಾಯ. ಚಿಪ್ಪಿನ ಉದ್ದವನ್ನು ಅಳೆದು, ಅಗಲವು ಉದ್ದದ ಶೇಕಡಾ ಎಷ್ಟೆಂದು ಲೆಕ್ಕ ಹಾಕಿ, ಬಾಯಿಯ ಎರಡು ತುಟಿಗಳ ಹಲ್ಲುಗಳನ್ನೂ ಎಣಿಸಿ, ಹೊಟ್ಟೆಯ ಬಣ್ಣ, ಹಲ್ಲುಗಳ ಸಂದಿನ ಬಣ್ಣ, ತುದಿಗಳ ಚುಕ್ಕೆ ಇವೆಲ್ಲವನ್ನೂ ಅವರು ಗುರುತು ಹಾಕಿಕೊಳ್ಳುತ್ತಾರೆ. ಜರ್ಮನಿಯ ಶಿಲ್ಡರ್ ದಂಪತಿಗಳು ಕಳೆದ ಶತಮಾನದ ಪೂರ್ವಾರ್ಧದಲ್ಲಿ ಈ ಅಳತೆಗಳನ್ನೆಲ್ಲ ಒಂದು ಸೂತ್ರಕ್ಕೆ ಇಳಿಸಿದರು. ಇಂದಿಗೂ ಕವಡೆಶಾಸ್ತ್ರಜ್ಞರಿಗೆ ಅದು ಪಂಚಾಂಗವಿದ್ದಂತೆ. ಭವಿಷ್ಯ ಹೇಳುವವರ ಕವಡೆಶಾಸ್ತ್ರ ಬೇರೆ. ಅದನ್ನು ಇಲ್ಲಿಗೆ ಎಳೆಯುತ್ತಿಲ್ಲ.

ಈಗ ನನ್ನ ಮುಂದಿರುವ ಮೂರು ಕವಡೆಗಳನ್ನು ನೋಡೋಣ. ನಮ್ಮಲ್ಲಿ ಆಟಕ್ಕೂ, ದೇವರಗುಡ್ಡದ ಮಾಲತೇಶನ ಗೊರವರ ಸರಗಳಿಗೂ, ಲಂಬಾಣಿಗರ ಕಸೂತಿಗೂ ಬರುವ ಸಣ್ಣ ಕವಡೆಗಳು ಹೆಚ್ಚಾಗಿ ಎರಡು ಜಾತಿಯವು. ಎರಡಕ್ಕೂ 1758ರಲ್ಲಿ ಲಿನೇಯಸ್ ಹೆಸರಿಟ್ಟನು. ಮೊದಲನೆಯದು ‘ಮೊನೆಟ’, ಎಂದರೆ ನಾಣ್ಯದ ಕವಡೆ. ಮಾಲ್ದೀವಿನಿಂದ ಹಡಗುಗಟ್ಟಲೆ ಬಂಗಾಳಕ್ಕೆ ಬಂದು ಶತಮಾನಗಳ ಕಾಲ ಚಿಲ್ಲರೆ ಹಣವಾಗಿ ಓಡಾಡಿ, ನಮ್ಮ ‘ಕವಡೆ ಕಾಸು’ ಎಂಬ ಮಾತಿನಲ್ಲಿ ಈಗಲೂ ಕಿಮ್ಮತ್ತಿಲ್ಲದೆ ಬದುಕಿರುವುದು ಇದೇ. ಇದರ ಮೈ ಹಳದಿ. ಅಂಚು ಬೆರಳಿಗೆ ಗಂಟುಗಂಟಾಗಿ ತಾಕುವುದರಿಂದ ಚಿಪ್ಪಿನ ಆಕಾರ ದುಂಡಗಿರದೆ ಮೂಲೆ ಮೂಲೆಯಾಗಿ ಕಾಣುತ್ತದೆ. ಎರಡನೆಯದು ‘ಆನ್ಯುಲಸ್’, ಉಂಗುರದ ಕವಡೆ. ಅಂಚು ನಯವಾಗಿ ಮೊಟ್ಟೆಯ ಬಾಹ್ಯರೇಖೆಯನ್ನು ಹೋಲುತ್ತದೆ, ಬೂದುಬಿಳಿಯ ಬೆನ್ನಿನ ಮೇಲೆ ಅರಿಸಿನ-ಕೇಸರಿಯ ತೆಳುವಾದ ಒಂದು ಉಂಗುರ. ಮೂರನೆಯದೇ ವಿವಾದದ ಕವಡೆ: ಉಂಗುರವುಂಟು, ಆದರೆ ಒಂದು ಪಾರ್ಶ್ವದಲ್ಲಿ ಕಡಿದುಹೋಗಿದೆ, ಅಂಚಿನ ಎಡಭಾಗದಲ್ಲಿ ಎರಡು ಸಣ್ಣ ಗಂಟುಗಳು, ಮೈ ಹಳದಿಯೆಂದರೆ ಹಳದಿ, ಬೂದಿಯೆಂದರೆ ಬೂದಿ. ಮಿತ್ರರ ಅನುಮಾನ ನಿರಾಧಾರವಾದದ್ದಲ್ಲವೆಂದು ಒಪ್ಪಲೇಬೇಕು.

ಆದರೆ ‘ನಡುರೂಪ’ ಎಂಬುದು ಒಂದು ವರ್ಣನೆ, ‘ಸಂಕರ’ ಎಂಬುದು ಒಂದು ಚರಿತ್ರೆ. ಮೊದಲನೆಯದನ್ನು ಹೇಳಲು ವಸ್ತುವೊಂದೇ ಸಾಕು. ಎರಡನೆಯದನ್ನು ಹೇಳಲು ಅದರ ತಾಯಿ ಯಾರು, ತಂದೆ ಯಾರು ಎಂಬುದು ತಿಳಿದಿರಬೇಕು. ಈ ಭೇದವನ್ನು ಕಲಿಯಲು ರಾಣೆಬೆನ್ನೂರಿನ ಹತ್ತಿಬೀಜದ ಪ್ಲಾಟಿಗಿಂತ ಒಳ್ಳೆಯ ಶಾಲೆ ಇಲ್ಲ. ಅಲ್ಲಿ ಹೆಣ್ಣು ಸಾಲು ಬೇರೆ, ಗಂಡು ಸಾಲು ಬೇರೆ. ಮರುದಿನ ಅರಳಲಿರುವ ಮೊಗ್ಗನ್ನು ಸಂಜೆಯೇ ಹುಡುಕಿ, ಪಕಳೆಗಳನ್ನೂ ಅವುಗಳೊಳಗಿನ ಕೇಸರಗಳ ಕೊಳವೆಯನ್ನೂ ಹೆಬ್ಬೆರಳಿನ ಉಗುರಿನಿಂದ ಬಿಡಿಸಿ ತೆಗೆದು, ಶಲಾಕೆಗೆ ಪೆಟ್ಟಾಗದಂತೆ ಮುಚ್ಚಿಟ್ಟು, ಮಾರನೆಯ ಬೆಳಗ್ಗೆ ಗಂಡು ಹೂವನ್ನು ತಂದು ಅದರ ಪರಾಗವನ್ನು ತಾಕಿಸಿ, ಆ ಕಾಯಿ ಬೇರೆ ಕಾಯಿಗಳೊಡನೆ ಬೆರೆಯದಂತೆ ತೊಟ್ಟಿಗೆ ದಾರ ಕಟ್ಟುತ್ತಾರೆ. ಆ ಕಾಯಿಯ ಬೀಜವು ಸಂಕರವೆಂಬುದಕ್ಕೆ ಪ್ರಮಾಣ ಆ ದಾರವೇ ಹೊರತು ಬೀಜದ ಮುಖವಲ್ಲ. ಮುಖ ನೋಡಿ ಹೇಳುವುದಾಗಿದ್ದರೆ ದಾರವೇಕೆ? ಅಷ್ಟಾದರೂ ಸಂದೇಹ ತೀರದೆ, ಮಾದರಿ ಬೀಜಗಳನ್ನು ಬಿತ್ತಿ, ಬೆಳೆಸಿ, ಗಿಡಗಳ ಲಕ್ಷಣ ನೋಡಿ ಶುದ್ಧತೆಯನ್ನು ಪರೀಕ್ಷಿಸುತ್ತಾರೆ. ‘ಅಲ್ಲಿಯೂ ಕೊನೆಗೆ ಕಣ್ಣೇ ತಾನೆ ತೀರ್ಪು ಕೊಡುವುದು?’ ಎಂದು ಜಾಣನಾದ ಸಂಗ್ರಾಹಕನು ಕೇಳಬಹುದು. ಹೌದು, ಆದರೆ ಆ ಕಣ್ಣಿಗೆ, ಇಂಥ ತಾಯಿಗೂ ಇಂಥ ತಂದೆಗೂ ಹುಟ್ಟಿದ ಗಿಡ ಹೇಗಿರುತ್ತದೆಂಬುದು ತಾಯಿತಂದೆ ಗೊತ್ತಿರುವ ಸಂಗಮದಿಂದಲೇ ಮೊದಲು ತಿಳಿದಿದೆ. ಕವಡೆಗಾರನ ಪೆಟ್ಟಿಗೆಯಲ್ಲಿ ದಾರ ಕಟ್ಟಿದ ಕವಡೆ ಒಂದೂ ಇಲ್ಲ. ಯಾವುದನ್ನು ಸಾಧಿಸಬೇಕೋ ಅದನ್ನೇ ಸಾಧನವಾಗಿ ಹಿಡಿದು, ನಡುರೂಪದವು ಸಂಕರ, ಸಂಕರವಾದ್ದರಿಂದ ನಡುರೂಪ ಎಂದು ಆತನು ಗಾಣದೆತ್ತಿನಂತೆ ಸುತ್ತುತ್ತಿದ್ದಾನೆ.

ನಡುರೂಪವು ಸಂಕರವಿಲ್ಲದೆಯೂ ಹುಟ್ಟುತ್ತದೆ ಎಂಬುದನ್ನು ತಿಳಿಯಲು ಕವಡೆ ಬೆಳೆಯುವ ಬಗೆಯನ್ನು ತಿಳಿಯಬೇಕು. ಎಳೆಯ ಕವಡೆ ಕವಡೆಯಂತೆಯೇ ಇರುವುದಿಲ್ಲ: ತೆಳುವಾದ ಚಿಪ್ಪು, ಅಗಲವಾದ ಬಾಯಿ, ತುದಿಯಲ್ಲಿ ಬಸವನಹುಳುವಿನ ಸುರುಳಿ. ಪ್ರಾಯಕ್ಕೆ ಬಂದಾಗ ಹೊರತುಟಿ ಒಳಕ್ಕೆ ಮಡಿಚಿಕೊಂಡು, ಹಲ್ಲುಗಳು ಮೂಡಿ, ಉದ್ದದ ಬೆಳವಣಿಗೆ ನಿಲ್ಲುತ್ತದೆ. ಆದರೆ ಜೀವಿಯ ಮೈಹೊದಿಕೆ ಎರಡು ಪಕ್ಕಗಳಿಂದಲೂ ಬೆನ್ನಿನ ಮೇಲಕ್ಕೆ ಚಾಚಿಕೊಂಡು ಬಣ್ಣದ ಪದರಗಳನ್ನೂ ಅಂಚಿನ ದಪ್ಪವನ್ನೂ ಅನಂತರವೂ ಬಳಿಯುತ್ತಲೇ ಇರುತ್ತದೆ. ಕವಡೆಯ ಆ ಪ್ರಸಿದ್ಧವಾದ ಹೊಳಪು ಈ ಬಳಿತದ ಫಲ. ಹೀಗಿರುವಲ್ಲಿ ಕೊನೆಯ ಪದರ ಪೂರ್ತಿಯಾಗುವ ಮೊದಲೇ ಸತ್ತ ಕವಡೆಗೆ ಜಾತಿಯ ಬಣ್ಣ ಬಂದಿರುವುದಿಲ್ಲ. ಮೈಹೊದಿಕೆಗೆ ಗಾಯವಾದ ಕಡೆ ಉಂಗುರ ಕಡಿಯುತ್ತದೆ. ಬಹುಕಾಲ ಬದುಕಿದ ಕವಡೆಯ ಅಂಚು ದಪ್ಪಗಾಗಿ ನಯವಾದುದೂ ಉಬ್ಬುತಗ್ಗಾಗುತ್ತದೆ. ಅಲೆಯ ಮರಳಿನಲ್ಲಿ ಉರುಳಿದ ಚಿಪ್ಪಿನ ಮೇಲ್ಪದರ ಸವೆದು ಒಳಗಿನ ನೇರಳೆ ಹೊರಬೀಳುತ್ತದೆ. ಇದಲ್ಲದೆ ಜಾತಿಯ ಒಳಗಿನ ವೈವಿಧ್ಯವೇ ಸಾಕಷ್ಟಿದೆ. ನಾಣ್ಯದ ಕವಡೆಗಳಲ್ಲಿ ಗಂಟುಗಳಿಲ್ಲದೆ ನಯವಾದ ಅಂಚಿನವೂ ಉಂಟು, ಬೆನ್ನಿನ ಮೇಲೆ ಸಣ್ಣಗೆ ಕೇಸರಿಯ ಗೆರೆಯುಳ್ಳವೂ ಉಂಟು. ಉಂಗುರವೆಂಬುದು ಉಂಗುರದ ಕವಡೆಯ ಸ್ವಂತ ಆಸ್ತಿಯೇನೂ ಅಲ್ಲ. ಇವೆಲ್ಲಕ್ಕಿಂತ ಮನನೀಯವಾದ ನಿದರ್ಶನ ಶಾಂತಸಾಗರದ ನ್ಯೂ ಕ್ಯಾಲಿಡೋನಿಯ ದ್ವೀಪದ್ದು. ಅಲ್ಲಿಯ ಕೆಲವು ಕೊಲ್ಲಿಗಳಲ್ಲಿ ಬೇರೆ ಬೇರೆ ಜಾತಿಯ ಕವಡೆಗಳು ಕಪ್ಪಡರಿ, ಎರಡು ತುದಿಗಳೂ ಕೊಕ್ಕಿನಂತೆ ನೀಳವಾಗಿ ಬೆಳೆಯುತ್ತವೆ. ಆ ದ್ವೀಪ ನಿಕ್ಕಲ್ ಅದಿರಿಗೆ ಹೆಸರಾದುದರಿಂದ ನೀರಿನಲ್ಲಿಯ ಲೋಹವೇ ಇದಕ್ಕೆ ಕಾರಣವಿರಬೇಕೆಂದು ಹಲವರು ಊಹಿಸಿದ್ದಾರೆ. ಕಾರಣವೇನೇ ಇರಲಿ, ಒಂದೇ ನೀರಿನಲ್ಲಿ ಬೆಳೆದ ಭಿನ್ನ ಜಾತಿಗಳು ಒಂದೇ ದಿಕ್ಕಿನಲ್ಲಿ ವಿಕಾರಗೊಂಡು, ಪರಸ್ಪರ ಸ್ಪರ್ಶವೇ ಇಲ್ಲದೆ ಪರಸ್ಪರ ಹೋಲಿಕೆಯನ್ನು ಪಡೆಯಬಲ್ಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ಇನ್ನು ಎರಡನೆಯ ಮೆಟ್ಟಿಲು: ಸಂಕರವಾದದ್ದು ನಡುರೂಪವನ್ನೇ ತಾಳಬೇಕೆಂಬ ನಿಯಮವಾದರೂ ಉಂಟೆ? ಬಟಾಣಿಯ ಗಿಡಗಳನ್ನು ಕೂಡಿಸಿದ ಮೆಂಡೆಲನು 1866ರಷ್ಟು ಹಿಂದೆಯೇ ಪ್ರಕಟಿಸಿದ ಸಂಗತಿಯೆಂದರೆ, ಎತ್ತರದ ಗಿಡಕ್ಕೂ ಗಿಡ್ಡ ಗಿಡಕ್ಕೂ ಹುಟ್ಟಿದ ಮೊದಲ ಪೀಳಿಗೆ ಮಧ್ಯಮ ಎತ್ತರದ್ದಾಗದೆ ಎತ್ತರದ್ದೇ ಆಯಿತೆಂಬುದು. ಕೆಲವು ಲಕ್ಷಣಗಳು ಬೆರೆಯುತ್ತವೆ, ಕೆಲವು ಗೆಲ್ಲುತ್ತವೆ, ಕೆಲವು ಅಡಗುತ್ತವೆ. ಹಾಗಿರುವಾಗ ನಿಜವಾದ ಸಂಕರ ಕವಡೆಯೊಂದು ತಾಯಿಯ ರೂಪವನ್ನೇ ಹೊತ್ತು, ಯಾರ ಸಂಶಯಕ್ಕೂ ಗುರಿಯಾಗದೆ, ಗೊರವಯ್ಯನ ಸರದಲ್ಲಿ ಸದ್ದಿಲ್ಲದೆ ತೂಗುತ್ತಿರಲೂಬಹುದು. ಆ ಸರದ ಕವಡೆಗಳನ್ನು ಪೋಣಿಸುವಾಗ ಬೆನ್ನನ್ನೇ ಉಜ್ಜಿ ತೆಗೆದಿದ್ದರೆ, ಜಾತಿಯ ಗುರುತೆನಿಸಿದ ಉಂಗುರವೂ ಅದರೊಡನೆ ಹೋಯಿತು. ಉಳಿದುದು ಹಲ್ಲು ಮಾತ್ರ.

ಅಪರೂಪದ ಗಣಿತವನ್ನು ಕುರಿತು ಸಂಗ್ರಾಹಕರು ಯೋಚಿಸಿದಂತೆ ಕಾಣುವುದಿಲ್ಲ. ಸಂಕರ ಕವಡೆ ಅತ್ಯಪರೂಪವೆಂದು ಅವರೇ ಹೇಳುತ್ತಾರೆ, ಬೆಲೆ ಏರುವುದೂ ಅದರಿಂದಲೇ. ಕವಡೆಗಳಲ್ಲಿ ಗಂಡು ಬೇರೆ ಹೆಣ್ಣು ಬೇರೆ, ಗರ್ಭಾಧಾನ ದೇಹದ ಒಳಗೆ ನಡೆಯತಕ್ಕದ್ದು. ಆದುದರಿಂದ ಈ ಮಾತನ್ನು ನಂಬಲು ಕಾರಣವೂ ಇದೆ. ಹಾಗಾದರೆ ಲೆಕ್ಕ ಹಾಕೋಣ. ಅಂಕಿಗಳು ನನ್ನ ಊಹೆಯವು, ವಾದಕ್ಕೆ ಮಾತ್ರ. 10,000 ಕವಡೆಗಳಲ್ಲಿ ಒಂದು ನಿಜವಾದ ಸಂಕರವೆಂದೂ, ಎಳೆತನ, ಗಾಯ, ಸವೆತ, ನೀರಿನ ಗುಣ, ಸಹಜ ವೈವಿಧ್ಯ ಇವುಗಳಿಂದ ಹಾಗೆ ಕಾಣುವವು 50 ಎಂದೂ ಇಟ್ಟುಕೊಳ್ಳಿ. ನಿಪುಣನ ಕಣ್ಣು ಈ 50ರಲ್ಲಿ ಹತ್ತಕ್ಕೆ ಒಂಬತ್ತನ್ನು ಸರಿಯಾಗಿ ತಳ್ಳಿಹಾಕಬಲ್ಲುದೆಂದು ಉದಾರವಾಗಿ ಒಪ್ಪಿದರೂ ಐದು ಉಳಿಯುತ್ತವೆ, ನಿಜವಾದುದು ಒಂದು. ಎಂದರೆ ಗುಣಾಕಾರದ ಚಿಹ್ನೆ ಬಿದ್ದ ಆರು ಚೀಟಿಗಳಲ್ಲಿ ಐದು ಸುಳ್ಳು. ವಸ್ತು ಎಷ್ಟು ಅಪರೂಪವೋ ಅದನ್ನು ಕಂಡೆನೆಂಬವನು ತಪ್ಪಿರುವ ಸಂಭವವೂ ಅಷ್ಟೇ ಹೆಚ್ಚು.

ಇಷ್ಟು ಹೇಳಿದೊಡನೆ ಎದುರು ದಂಡೆಯವರು ಸಂತೋಷಪಡಬಾರದು. ಜಾತಿ ಜಾತಿಗಳು ಕೂಡವು, ಕೂಡಿದರೆ ಅವು ಜಾತಿಗಳೇ ಅಲ್ಲ, ಆದ್ದರಿಂದ ಸಂಕರ ಕವಡೆಯೆಂಬುದೇ ಕಟ್ಟುಕತೆ ಎಂದು ಸಾರುವವರೂ ಇದ್ದಾರೆ. ಈ ಮತವನ್ನು ನಮ್ಮ ಹೊಲಗಳೇ ಖಂಡಿಸುತ್ತವೆ. 1972ರಲ್ಲಿ ಧಾರವಾಡದ ಹತ್ತಿ ಸಂಶೋಧಕರು ಬಿಡುಗಡೆ ಮಾಡಿದ ‘ವರಲಕ್ಷ್ಮಿ’ ತಳಿಯು ಹಿರ್ಸುಟಮ್ ಜಾತಿಯ ‘ಲಕ್ಷ್ಮಿ’ ಹತ್ತಿಗೂ ಬಾರ್ಬಡೆನ್ಸ್ ಜಾತಿಯ ಹತ್ತಿಗೂ ಹುಟ್ಟಿದ್ದು; ತಳಿಗಳ ನಡುವಣ ಕೂಡುವಿಕೆ ಮಾತ್ರವಲ್ಲ, ಎರಡು ಜಾತಿಗಳ ನಡುವಣ ಕೂಡುವಿಕೆ. ಅನಂತರ ಅದೇ ಮಾರ್ಗದಲ್ಲಿ ಬಂದ ಡಿಸಿಎಚ್-32 ಎಂಬುದನ್ನು ನಮ್ಮ ರೈತರು ಬಹುಕಾಲ ಬಿತ್ತಿದರು. ಜಾತಿಯ ಗೋಡೆ ಕಲ್ಲಿನದಲ್ಲ, ಬೇಲಿಯದು, ಅಲ್ಲಲ್ಲಿ ಕಂಡಿಗಳುಂಟು. ಕಂಡಿ ಇದೆಯೆಂದು ಒಪ್ಪುವುದು ಒಂದು, ಈ ಕರು ಅದೇ ಕಂಡಿಯಿಂದ ಬಂದಿತೆಂದು ಹೇಳುವುದು ಬೇರೊಂದು. ಸಂದರ್ಭ ಬಂದುದರಿಂದ ಇದನ್ನೂ ಹೇಳಿಬಿಡುತ್ತೇನೆ: ‘ಸಂಕರ’ ಎಂಬ ಶಬ್ದಕ್ಕೆ ನಮ್ಮ ಪುರಾತನರು ಕಟ್ಟಿದ ಭಯ ರಾಣೆಬೆನ್ನೂರಿನ ಪ್ಲಾಟಿನಲ್ಲಿ ಕೂಲಿಯಾಗಿ, ಲಾಭವಾಗಿ ಮಾರ್ಪಟ್ಟಿದೆ, ಬ್ಯಾಡಗಿಯಲ್ಲಿ ಅದೇ ಶಬ್ದ ದರವನ್ನು ಇಳಿಸುತ್ತದೆ, ಚಿಪ್ಪಿನ ಪೆಟ್ಟಿಗೆಯಲ್ಲಿ ಏರಿಸುತ್ತದೆ. ಶಬ್ದವೊಂದು ಮೂರು ಕಡೆ ಮೂರು ದರಕ್ಕೆ ಮಾರಾಟವಾಗುವಾಗ ಅದರ ಅರ್ಥವನ್ನು ತೂಗಿ ನೋಡುವುದು ಒಳ್ಳೆಯದು.

ಈಗ ನನಗೆ ನಿಜವಾಗಿಯೂ ಕಠಿನವೆಂದು ತೋರುವ ಆಕ್ಷೇಪಕ್ಕೆ ಬರುತ್ತೇನೆ. ‘ಪಳಗಿದ ಕಣ್ಣನ್ನು ಇಷ್ಟು ಹಗುರಾಗಿ ಕಾಣಬೇಡಿ. ಬ್ಯಾಡಗಿಯ ಖರೀದಿದಾರನು ಯಾವ ಯಂತ್ರವನ್ನೂ ಮುಟ್ಟದೆ, ಒಂದು ಹಿಡಿ ಕಾಯಿ ತೆಗೆದು, ಇದು ಕಡ್ಡಿ, ಇದು ಡಬ್ಬಿ, ಇದು ಗುಂಟೂರಿನ ಕಡೆಯದು ಎಂದು ಕ್ಷಣದಲ್ಲಿ ಹೇಳುತ್ತಾನಲ್ಲ? ತನ್ನ ಜ್ಞಾನವನ್ನು ಮಾತಿನಲ್ಲಿ ವಿವರಿಸಲಾರನೆಂದು ಅದು ಜ್ಞಾನವಲ್ಲವೆ?’ ಜ್ಞಾನವೇ, ನಾನು ಅದಕ್ಕೆ ಕೈಮುಗಿಯುತ್ತೇನೆ. ಸೋಮವಾರ ಮತ್ತು ಗುರುವಾರದ ಪೇಟೆಯಲ್ಲಿ ಆತನು ಕಾಯನ್ನು ಮುಷ್ಟಿಯಲ್ಲಿ ಹಿಸುಕಿ ಹಸಿಯನ್ನು ತಿಳಿಯುತ್ತಾನೆ, ಅಲುಗಿಸಿ ಬೀಜದ ಸದ್ದನ್ನು ಕೇಳುತ್ತಾನೆ, ಸುಕ್ಕನ್ನೂ ತೊಟ್ಟನ್ನೂ ನೋಡಿ ಲಾಟಿಗೆ ದರ ಬರೆಯುತ್ತಾನೆ. ಆದರೆ ಆ ಕಣ್ಣಿಗೆ ಗುರು ಯಾರು? ತಪ್ಪು ಅಂದಾಜು ಮಾಡಿದ ಲಾಟು ಶೀತಲಗೃಹದಲ್ಲಿ ಬೂಸಲು ಹಿಡಿಯುತ್ತದೆ, ತೂಕದಲ್ಲಿ ಇಳಿಯುತ್ತದೆ, ಬಣ್ಣ ತೆಗೆಯುವ ಕಾರ್ಖಾನೆಯ ಅಳತೆಯಲ್ಲಿ ಸೋಲುತ್ತದೆ. ನಷ್ಟವು ಅದೇ ಹಂಗಾಮಿನಲ್ಲಿ ಅವನ ಗಂಟಿನಿಂದಲೇ ಹೋಗುತ್ತದೆ. ಹೀಗೆ ಸಾವಿರ ಸಲ ತಿದ್ದಿಸಿಕೊಂಡ ಕಣ್ಣು ಅದು. ಕವಡೆ ಸಂಗ್ರಾಹಕನನ್ನು ತಿದ್ದುವವರಿಲ್ಲ. ಆತನು ಸಂಕರವೆಂದು ಚೀಟಿ ಬರೆದ ಕವಡೆ ಮರುದಿನ ಎದ್ದು ‘ನಾನಲ್ಲ’ ಎಂದು ಹೇಳುವುದಿಲ್ಲ. ಇನ್ನೊಬ್ಬ ಸಂಗ್ರಾಹಕನು ಅದನ್ನು ಕೊಂಡು, ತೆತ್ತ ಹಣದ ಗೌರವಕ್ಕಾದರೂ ಚೀಟಿಯನ್ನು ನಂಬುತ್ತಾನೆ. ತಿದ್ದುವವರಿಲ್ಲದ ಅನುಭವ ಎಷ್ಟು ವರ್ಷದ್ದಾದರೂ ಅದರಿಂದ ಬೆಳೆಯುವುದು ಆತ್ಮವಿಶ್ವಾಸವೊಂದೇ. ಅಲ್ಲದೆ ಖರೀದಿದಾರನು ಉತ್ತರಿಸುವುದು ‘ಈ ಕಾಯಿ ಎಂಥದು’ ಎಂಬ ಪ್ರಶ್ನೆಗೆ. ಯಾರ ಮಗುವೆಂದು ಅವನನ್ನು ಯಾರೂ ಕೇಳುವುದಿಲ್ಲ. ಕೇಳಿದರೂ ಕಾಯಿಯ ಸಿಪ್ಪೆ ಅದನ್ನು ಹೇಳಲಾರದು: ಪಕ್ಕದ ಹೊಲದ ಪರಾಗ ಬಿದ್ದು ಕಟ್ಟಿದ ಕಾಯಿಯಲ್ಲಿಯೂ ಸಿಪ್ಪೆ ತಾಯಿಗಿಡದ್ದೇ, ಬೆರಕೆ ಇರುವುದು ಒಳಗಿನ ಬೀಜದಲ್ಲಿ.

ಹಾಗಾದರೆ ಸಂಕರವೆಂದು ಯಾವಾಗ ಬರೆಯಬಹುದು? ಮೊದಲನೆಯದಾಗಿ, ಉಭಯ ಜಾತಿಗಳೂ ಆ ಕವಡೆ ದೊರೆತ ದಿಬ್ಬದಲ್ಲಿಯೇ ಜೀವಂತವಾಗಿರಬೇಕು. ಕೆಂಪು ಸಮುದ್ರ, ಏಡನ್ ಕೊಲ್ಲಿಗಳ ಆಚೆ ಕಾಣದ ‘ಪ್ಯಾಂಥೆರಿನ’ ಕವಡೆಯನ್ನು ಹುಲಿಚುಕ್ಕೆಯ ‘ಟೈಗ್ರಿಸ್’ ಕವಡೆಯೊಡನೆ ಶಾಂತಸಾಗರದ ನಡುವೆ ಮದುವೆ ಮಾಡಿಸುವ ಚೀಟಿಯನ್ನು ಓದುವ ಶ್ರಮವೂ ಬೇಡ. ಮೂಟೆಯಲ್ಲಿ ಜೊತೆಗಿದ್ದವೆಂಬುದು ಸಮುದ್ರದಲ್ಲಿ ಜೊತೆಗಿದ್ದವೆಂಬುದಕ್ಕೆ ಪ್ರಮಾಣವಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ವರ್ತಕರು ಪೂರ್ವ ಆಫ್ರಿಕದ ಕರಾವಳಿಯ ಉಂಗುರದ ಕವಡೆಗಳನ್ನು ಪಶ್ಚಿಮ ಆಫ್ರಿಕದ ಪೇಟೆಗಳಿಗೆ ಸುರಿದಾಗ, ಮಾಲ್ದೀವಿನ ನಾಣ್ಯದ ಕವಡೆಗಳೊಡನೆ ಅವು ಒಂದೇ ಚೀಲ ಸೇರಿದುವು. ಸಮುದ್ರ ಕಾಣದ ನಮ್ಮ ಸೀಮೆಯ ಜಾತ್ರೆಯ ಅಂಗಡಿಯಲ್ಲಿ ಕೊಂಡ ಕವಡೆಗೆ ಈ ಮೊದಲ ಪರೀಕ್ಷೆಯಲ್ಲೇ ಉತ್ತೀರ್ಣತೆ ಇಲ್ಲ. ಎರಡನೆಯದಾಗಿ, ಒಂದಕ್ಕೊಂದು ಸಂಬಂಧವಿಲ್ಲದ ಹಲವು ಲಕ್ಷಣಗಳು ನಡುವೆ ನಿಲ್ಲಬೇಕು. ಅಂಚು ದಪ್ಪಗಾದರೆ ಗಂಟೂ ಬರುತ್ತದೆ, ಅಗಲದ ಶೇಕಡಾವಾರೂ ಏರುತ್ತದೆ. ಇವು ಎರಡು ಸಾಕ್ಷಿಗಳಲ್ಲ, ಒಬ್ಬನೇ ಸಾಕ್ಷಿ ಎರಡು ಸಲ ಹೇಳಿದ ಮಾತು. ಮೂರನೆಯದಾಗಿ, ಚಿಪ್ಪಿನೊಡನೆ ಜೀವಿಯೂ ಬೇಕು: ಅದರ ಮೈಹೊದಿಕೆ, ಅದರ ನಾಲಗೆಯ ಅರದಂಥ ಹಲ್ಲುಪಟ್ಟಿ, ಅದರ ಮಾಂಸ. ಮಾಂಸದಿಂದ ವಂಶವಾಹಿಯನ್ನು ಓದಬಹುದಾದುದರಿಂದ ಈಗ ತೊಂದರೆಯೇ ಇಲ್ಲವೆನ್ನುವವರು ಒಂದು ಸೂಕ್ಷ್ಮವನ್ನು ಗಮನಿಸಬೇಕು. 2005ರಲ್ಲಿ ಮೆಯರ್ ಮತ್ತು ಪೌಲೆ ಎಂಬ ವಿದ್ವಾಂಸರು ಎರಡು ಸಾವಿರಕ್ಕೂ ಹೆಚ್ಚು ಕವಡೆಗಳ ಮೈಟೋಕಾಂಡ್ರಿಯದ ಒಂದು ವಂಶವಾಹಿಯನ್ನು ಓದಿ, ಚೆನ್ನಾಗಿ ಅಭ್ಯಾಸವಾದ ಗುಂಪುಗಳಲ್ಲಿ ಅದರಿಂದ ಜಾತಿಯನ್ನು ಬಹುಮಟ್ಟಿಗೆ ಗುರುತಿಸಬಹುದೆಂದು ತೋರಿಸಿದರು. ಆದರೆ ಮೈಟೋಕಾಂಡ್ರಿಯ ತಾಯಿಯಿಂದಲೇ ಬರತಕ್ಕ ಆಸ್ತಿ. ಸಂಕರ ಕವಡೆಯೊಂದನ್ನು ಆ ಪರೀಕ್ಷೆಗೆ ಒಡ್ಡಿದರೆ ಅದು ತಾಯಿಯ ಜಾತಿಯ ಹೆಸರನ್ನು ಹೇಳಿ ಸುಮ್ಮನಾಗುತ್ತದೆ. ತಂದೆಯ ಮಾತೇ ಇಲ್ಲ. ಕೋಶಕೇಂದ್ರದ ವಂಶವಾಹಿಗಳಲ್ಲಿ ಉಭಯರ ಭಾಗವೂ ಕಂಡಾಗ ಮಾತ್ರ ದಾರ ಕಟ್ಟಿದಂತಾಯಿತು.

‘ಹವ್ಯಾಸಕ್ಕೆ ಇಷ್ಟು ಕಠೋರತೆ ಏಕೆ?’ ಎಂಬ ಕೊನೆಯ ಆಕ್ಷೇಪಕ್ಕೆ ಉದ್ದವಾದ ಉತ್ತರ ಬೇಡ. ಚೀಟಿಗಳು ಪೆಟ್ಟಿಗೆಯಲ್ಲಿಯೇ ಉಳಿಯುವುದಿಲ್ಲ. ಪುಸ್ತಕಕ್ಕೆ ಹೋಗುತ್ತವೆ, ಅಲ್ಲಿಂದ ಜಾತಿಗಳ ವಾಸಸ್ಥಾನದ ನಕಾಶೆಗೆ ಹೋಗುತ್ತವೆ, ಬೆಲೆಯಾಗಿ ಮರಳಿ ಹವಳದ ದಿಬ್ಬಕ್ಕೆ ಹೋಗುತ್ತವೆ. ಸಂಶಯವನ್ನು ಸಂಶಯವೆಂದೇ ಬರೆಯುವುದಕ್ಕೆ ಖರ್ಚೇನೂ ಇಲ್ಲ.

ನನ್ನ ಮೂರನೆಯ ಕವಡೆಯನ್ನು ಮಸೂರದ ಕೆಳಗೆ ಮತ್ತೆ ನೋಡಿದೆ. ಉಂಗುರ ಕಡಿದಿರುವ ಪಾರ್ಶ್ವದಲ್ಲಿ ಹೊಳಪಿಲ್ಲ. ಕಡಪಾಕಲ್ಲಿನ ನೆಲದ ಮೇಲೆ ಮೂರು ತಲೆಮಾರು ಉರುಳಿದ ಗೀರುಗಳು ಒಂದೇ ದಿಕ್ಕಿಗೆ ಓಡಿವೆ, ಅವುಗಳ ಅಡಿಯಲ್ಲಿ ನೇರಳೆ ಇಣುಕುತ್ತಿದೆ. ಹಳದಿಯೆಂದು ಕಂಡದ್ದು ಎಣ್ಣೆಗೈ ಹಿಡಿದ ಬಣ್ಣ. ಒದ್ದೆ ಬಟ್ಟೆಯಲ್ಲಿ ಒರಸಿದಾಗ ಅರ್ಧ ಹೋಯಿತು. ಎಡ ಅಂಚಿನ ಎರಡು ಗಂಟುಗಳು ಮಾತ್ರ ಹಾಗೆಯೇ ಇವೆ, ಅವಕ್ಕೆ ನನ್ನಲ್ಲಿ ಉತ್ತರವಿಲ್ಲ. ಚೀಟಿಯಲ್ಲಿ ಹೀಗೆ ಬರೆದಿದ್ದೇನೆ: ‘ಉಂಗುರದ ಕವಡೆ. ಮನೆಯ ಆಟದ್ದು, ಸಿಕ್ಕಿದ ಸಮುದ್ರ ತಿಳಿಯದು. ಬೆನ್ನು ಸವೆದಿದೆ. ಎಡ ಅಂಚಿನಲ್ಲಿ ಎರಡು ಗಂಟು.’